ಬೇಸಿಗೆಗೆ ಬಿಚ್ಚಿದ ಗೋಡೆ

"ನಾಯಿ ಹಿಡ್ಕೊಳ್ಳಿ!" ಎಂದು ಅಲ್ಲಿನ ವಾಡಿಕೆಯಂತೆ ಬೇಲಿಯಾಚೆಯಿಂದ ಕೂಗಿ ಒಳಬಂದ ದಾಶ್‌ಜೆವೆಗ್, ಆ ಮೊದಲ ದಿನ ನೋರೊವ್ ಅಜ್ಜಿಯ ಮುಖವನ್ನೇ ನೋಡಲಿಲ್ಲ. ನೇರವಾಗಿ ಹೋಗಿ ಮನೆಯ ಇಟ್ಟಿಗೆ ಗೋಡೆಗೆ ಅಂಗೈ ಒತ್ತಿ ನಿಂತ.

"ಅಜ್ಜಿ, ನೀವು ಮನೆ ಕಾಯಿಸ್ತಿಲ್ಲ, ಬೀದಿ ಕಾಯಿಸ್ತಿದೀರಿ."

"ಬೀದಿಗೂ ಚಳಿ ಆಗ್ತದಲ್ಲ ಮಗಾ. ಬಾ, ಚಹಾ ಕುಡಿ."

ಐವತ್ತು ದಾಟಿದ ಬಡಗಿ ಅವನು. ಬಡವರ ಮನೆ ಸುಧಾರಿಸುವ ಒಂದು ಸಂಘದ ಪರವಾಗಿ ಉಲಾನ್‌ಬಾತರ್ ನಗರದ ಗುಡ್ಡದ ಓಣಿಗಳಲ್ಲಿ ಅಲೆಯುತ್ತಿದ್ದ. ಗೋಡೆಗೆ ಹೊರಗಿನಿಂದ ಕುರಿಯುಣ್ಣೆ ತುಂಬಿದ ಹಲಗೆ ಹೊದಿಸಿದರೆ ಅರ್ಧ ಕಲ್ಲಿದ್ದಲು ಸಾಕು ಎಂದರೆ ಯಾರೂ ನಂಬುತ್ತಿರಲಿಲ್ಲ. ಸಂಘದ ಷರತ್ತೂ ಗಟ್ಟಿಯಾಗಿತ್ತು: ಓಣಿಯ ಒಂದು ಮನೆ ಎರಡು ಚಳಿಗಾಲ ಅರ್ಧ ಕಲ್ಲಿದ್ದಲಲ್ಲೇ ಕಳೆದು ತೋರಿಸಬೇಕು, ಆಮೇಲೆ ಉಳಿದ ಹನ್ನೊಂದು ಮನೆಗೂ ಹಲಗೆ.

ಅಜ್ಜಿ ಒಪ್ಪಿದಳು, ಅವನು ಹಲಗೆ ಹೊದಿಸಿದ. ತನ್ನ ಹೆಸರು ಬಿಟ್ಟರೆ ಬೇರೆ ಬರೆಯಲು ಬಾರದವಳು, ಒಲೆಗೆ ಹಾಕಿದ ಬಕೆಟ್ಟಿಗೆ ಒಂದರಂತೆ ಬಾಗಿಲ ಹಿಂದೆ ಇದ್ದಿಲಲ್ಲಿ ಗೆರೆ ಎಳೆದಳು. ದಿನಕ್ಕೆ ನಾಲ್ಕಿದ್ದದ್ದು ಮೊದಲ ಚಳಿಗಾಲ ಎರಡಕ್ಕಿಳಿಯಿತು.

ಎರಡನೆಯ ಚಳಿಗಾಲ ಗೆರೆಗಳು ಮೂರಾದವು, ಹೊಸವರ್ಷದ ಹೊತ್ತಿಗೆ ಮತ್ತೆ ನಾಲ್ಕು.

"ಎಣಿಕೆ ತಪ್ಪಿಲ್ಲ ತಾನೆ?" ಎಂದ ದಾಶ್‌ಜೆವೆಗ್.

"ನನ್ನ ಗೆರೆ ಯಾವತ್ತು ತಪ್ಪಿದೆ?"

ಅವನು ಒಂದು ಹಲಗೆ ಬಿಚ್ಚಿದ. ಮುಗ್ಗಲು ಹಿಡಿದ ಉಣ್ಣೆ ಮುದ್ದೆಯಾಗಿ ಕೆಳಗೆ ಕುಸಿದಿತ್ತು.

"ಇದನ್ನ ನನಗಿಂತ ಮೊದ್ಲು ಯಾರು ಬಿಚ್ಚಿದ್ರು?"

"ನಾನೇ. ಬೇಸಿಗೆ ಬಂದ್ಮೇಲೆ ಕೆಳಗಿನ ಸಾಲು ತೆಗೀದೆ ಇರ್ತಾರಾ? ಮನೆ ಉಸಿರಾಡ್ಬೇಡ್ವಾ?"

ನಲವತ್ತು ವರ್ಷ ಗೆರ್ ಎಂಬ ಉಣ್ಣೆಗಂಬಳಿಯ ಗುಡಾರದಲ್ಲಿ ಬಾಳಿದವಳು ಅವಳು. ಅಲ್ಲಿ ಬೇಸಿಗೆಯಲ್ಲಿ ಕಂಬಳಿಯ ಕೆಳಅಂಚನ್ನು ಎತ್ತಿ ಕಟ್ಟಿ ಗಾಳಿ ಬಿಡುವುದು ವಾಡಿಕೆ. ಜೂನಿನಲ್ಲಿ ಬಿಚ್ಚಿದ್ದಳು, ಆಗಸ್ಟಿನ ಮಳೆ ಉಣ್ಣೆಯೊಳಗೆ ನುಗ್ಗಿತ್ತು, ಸೆಪ್ಟೆಂಬರಿನಲ್ಲಿ ಒಂದು ಸ್ಕ್ರೂ ಕೂಡ ಕಳೆಯದೆ ತಿರುಗಿ ಜೋಡಿಸಿದ್ದಳು.

"ಇದು ಗೆರ್ ಅಲ್ಲ ಅಜ್ಜೀ! ಮನೆ! ಮನೆ!"

"ಕೂಗ್ಬೇಡ, ಕಿವಿ ಕೇಳ್ತದೆ. ಬಿಚ್ಬೇಡಿ ಅಂತ ಯಾವತ್ತು ಹೇಳಿದ್ದೆ ನೀನು?"

ಅವನು ಉಣ್ಣೆಯ ಮುದ್ದೆಯನ್ನು ಕೈಗೆತ್ತಿಕೊಂಡ. ಉಣ್ಣೆ ಎಷ್ಟು ದಪ್ಪ, ಸ್ಕ್ರೂ ಎಷ್ಟು ಉದ್ದ, ಎಲ್ಲ ಹೇಳಿದ್ದ. ಅದೊಂದನ್ನು ಹೇಳಿರಲಿಲ್ಲ. ಅವನ ತಾಯಿ ಇದ್ದಿದ್ದರೆ ಅವಳೂ ಬಿಚ್ಚುತ್ತಿದ್ದಳು.

ಬೇಲಿಯ ಮೇಲಿಂದ ಪಕ್ಕದ ಮನೆಯ ಬಲ್ಜಿರ್ ಇಣುಕಿದ. "ಏನಯ್ಯಾ, ಕುರಿಗೆ ಸ್ನಾನ ಮಾಡ್ಸಿದ್ಯಾ?"

"ನಿನ್ನ ಮನೆಗೂ ಬರೋ ಹಲಗೆ ಕಣೋ ಇದು!" ಎಂದು ದಾಶ್‌ಜೆವೆಗ್ ಕೈಲಿದ್ದ ಉಣ್ಣೆ ಮುದ್ದೆಯನ್ನು ನೆಲಕ್ಕೆ ಬಡಿದ.

ಮಾರ್ಚಿನಲ್ಲಿ ಸಂಘದ ಕಾಗದ ಬಂತು: ಹನ್ನೊಂದು ಮನೆ ಪಟ್ಟಿಯಿಂದ ಹೊರಗೆ, ಅವನಿಗೆ ಬೇರೆ ಊರಿಗೆ ವರ್ಗ. ಓದಿ ಹೇಳಿದವನು ಅವನೇ. ಅಜ್ಜಿ ಉಪ್ಪುಚಹಾ ಬಗ್ಗಿಸಿದಳು. ಅವನು ಕುಡಿಯಲಿಲ್ಲ. ಹೊರಗೆ ಹೋಗಿ ಕೆಸರಿನಲ್ಲಿ ಕುಕ್ಕರಗಾಲಲ್ಲಿ ಕೂತು, ಕೊಳೆತ ಉಣ್ಣೆಯನ್ನು ಹಿರಿದು ತೆಗೆಯುತ್ತಾ ಎಷ್ಟೋ ಹೊತ್ತು ಗೊಣಗಿಕೊಂಡ. ಕೊನೆಗೆ ತಲೆ ಎತ್ತದೆಯೇ ಕೇಳಿದ:

"ಅಜ್ಜಿ, ಈ ಹಲಗೇನೂ ಬೇಸಿಗೇಲಿ ಎತ್ತಿ, ಮಳೆ ಬಂದ್ರೆ ಇಳಿಸೋ ಹಾಗೆ... ಗೆರ್‌ನಲ್ಲಿ ಹಗ್ಗ ಎಲ್ಲೆಲ್ಲಿ ಕಟ್ತಿದ್ರಿ, ಒಂದ್ಸಲ ತೋರಿಸ್ತೀರಾ?"