ಟೆಸ್ಟರನ್ನೂ ನಂಬದ ಲೆಂಪಿ

ನನ್ನ ಹೆಂಡತಿ ಲೆಂಪಿ ಕೆನಡಾದ ಥಂಡರ್ ಬೇಯಲ್ಲಿ ಅರ್ಧ ಊರಿಗೆ ವೈರಿಂಗ್ ಮಾಡಿದವಳು. ಕರೆಂಟನ್ನು ನಂಬುವುದಿಲ್ಲ, ಸರಿ. ಕರೆಂಟಿಲ್ಲ ಎಂದು ಹೇಳುವ ಟೆಸ್ಟರನ್ನೂ ನಂಬುವುದಿಲ್ಲ! ಮೊದಲು ಕರೆಂಟು ಖಂಡಿತ ಇರುವ ಕಡೆ ಹಿಡಿದು ಅದರ ದೀಪ ಹತ್ತುತ್ತದೆಯೇ ನೋಡುತ್ತಾಳೆ. ಆಮೇಲೆ ಕೆಲಸದ ತಂತಿಗೆ ಹಿಡಿಯುತ್ತಾಳೆ. ಮತ್ತೆ ಹಿಂದಿರುಗಿ ಮೊದಲಿನ ಕಡೆಯೇ ಹಿಡಿಯುತ್ತಾಳೆ.

ಮನೆಯಲ್ಲಿ ಆ ಟೆಸ್ಟರು ನಾನೇ.

"ಮಧ್ಯಾಹ್ನ ಏನು ತಿಂದೆ?" ಎನ್ನುತ್ತಾಳೆ. ಡಬ್ಬಿ ಕಟ್ಟಿದವಳು ಅವಳೇ.

"ರೈ ಬ್ರೆಡ್ಡು, ಮೀನು."

"ಬಿಯರ್ ಎಷ್ಟು ಕುಡಿದೆ?"

"ಒಂದೇ."

"ನಮ್ಮ ಮದುವೆ ಆಗಿದ್ದು ಯಾವ ವಾರ?"

ಅಷ್ಟರಲ್ಲಿ ನಾನು ತಡವರಿಸಿ ಸಿಕ್ಕಿಬಿದ್ದಿರುತ್ತೇನೆ.

ಒಂದು ಶನಿವಾರ ಅವಳಣ್ಣ ಅರ್ವೋನ ಮನೆಯ ಸೌನಾದಲ್ಲಿ, ಆ ಬಿಸಿಹಬೆಯ ಕೋಣೆಯಲ್ಲಿ, ಕಲ್ಲು ಕಾಯಿಸುವ ಕರೆಂಟಿನ ಒಲೆ ಕೆಟ್ಟಿತು. ಶನಿವಾರ ಸೌನಾದಲ್ಲಿ ಬೆವರದಿದ್ದರೆ ಫಿನ್‌ಲ್ಯಾಂಡ್ ಮೂಲದ ನಮ್ಮವರಿಗೆ ಭಾನುವಾರ ಹುಟ್ಟುವುದೇ ಇಲ್ಲ. ನಾವಿಬ್ಬರೂ ಹೋದಾಗ ಅರ್ವೋ ಆಗಲೇ ಟವೆಲ್ ಸುತ್ತಿ, ಬರಿಗಾಲಲ್ಲಿ, ಒದ್ದೆ ನೆಲದ ಮೇಲೆ ನಿಂತಿದ್ದ. 'ಸೌನಾ' ಎಂದು ಬರೆದಿದ್ದ ಸ್ವಿಚ್ಚನ್ನು ಅವನೇ ಇಳಿಸಿದ. ಒಳಗಿನ ದೀಪ ಆರಿತು.

ಲೆಂಪಿ ಅಡುಗೆಮನೆಯ ಪ್ಲಗ್ಗಿಗೆ ಟೆಸ್ಟರು ಹಿಡಿದಳು, ಹತ್ತಿತು. ಒಲೆಯ ತಂತಿಗೆ ಹಿಡಿದಳು, ಹತ್ತಲಿಲ್ಲ.

"ನೋಡು, ಸತ್ತಿದೆ. ಬಿಚ್ಲಾ?" ಎಂದ ಅರ್ವೋ.

"ತಡಿ ಅಣ್ಣ, ಮುಟ್ಬೇಡ," ಎಂದು ಅಡುಗೆಮನೆಗೆ ಹೊರಟಳು.

"ಹೆಣಕ್ಕೂ ಎರಡನೇ ಡಾಕ್ಟರು ಬೇಕೇನಮ್ಮಾ? ಭಾವ, ಇವಳ ಜೊತೆ ಹೇಗೆ ಬಾಳ್ತೀಯೋ!" ನಾನು ನಕ್ಕೆ. ಅರ್ವೋ ಸ್ಕ್ರೂಡ್ರೈವರ್ ಹಿಡಿದು ಬಗ್ಗಿದ.

"ಅಣ್ಣಾ! ಕೈ ತೆಗಿ!"

ಆ ದನಿಯನ್ನು ನಾನು ಅಷ್ಟು ವರ್ಷಗಳಲ್ಲಿ ಕೇಳಿರಲಿಲ್ಲ. ಅರ್ವೋ ಬೆಚ್ಚಿ ಹಿಂದೆ ಸರಿದ. ಅಡುಗೆಮನೆಯಲ್ಲಿ ಕರೆಂಟಿನ ಪಾತ್ರೆಯಲ್ಲಿ ಕಾಫಿ ಕುದಿಯುತ್ತಲೇ ಇತ್ತು, ಆದರೆ ಅದೇ ಪ್ಲಗ್ಗಿನಲ್ಲಿ ಟೆಸ್ಟರು ಹತ್ತಿರಲಿಲ್ಲ. ಅದರ ಸೆಲ್ಲು ನಡುವೆಯೇ ಕೈಕೊಟ್ಟಿತ್ತು. ಲೆಂಪಿ ಚೀಲದಿಂದ ಇನ್ನೊಂದು ಟೆಸ್ಟರು ತೆಗೆದು, ಅಡುಗೆಮನೆಯಲ್ಲಿ ನೋಡಿ, ಬಂದು ಒಲೆಗೆ ಹಿಡಿದಳು. ಕೆಂಪಗೆ ಹತ್ತಿತು. ಅರ್ವೋ ಇಳಿಸಿದ್ದು ಬರೀ ದೀಪದ ಸ್ವಿಚ್ಚು, ಒಲೆಯದು ಬೇರೆಯೇ ಇತ್ತು.

ಅರ್ವೋ ಬೆಂಚಿನ ಮೇಲೆ ಕುಸಿದ. ಲೆಂಪಿ ಅವನ ಹೆಗಲಿಗೆ ಎರಡೇಟು ಬಿಗಿದಳು.

"ಕತ್ತೆ! ನೀನು ಹೋದ್ರೆ ನನ್ನನ್ನ ಆಡ್ಕೊಳ್ಳೋಕೆ ಯಾರಿದಾರೋ?" ಎಂದು ಗಳಗಳ ಅತ್ತಳು.

ಅರ್ವೋ ಸ್ಕ್ರೂಡ್ರೈವರನ್ನು ತಂಗಿಯ ಕೈಗಿಟ್ಟು, ಟವೆಲ್ಲಿನ ತುದಿಯಿಂದ ಅವಳ ಕಣ್ಣೊರೆಸಿದ.