ಬಿದ್ದ ಸೇತುವೆಯೂ ಹಳದಿ ಪಟ್ಟೆಯ ಬೆಡ್‌ಶೀಟೂ

ಟ್ಯಾಂಕರ್ ಮಾಮನ ಗ್ರಹಚಾರ ಬೆನ್ನ ಹಿಂದೆಯೇ ಬಂತು. ನಗರಸಭೆಯ ನೀರಿನ ಟ್ಯಾಂಕರ್ ಓಡಿಸಿಕೊಂಡು ಐದು ಕಣ್ಣಿನ ಸೇತುವೆ ದಾಟಿ, ಆಚೆ ದಡದಲ್ಲಿ ಬೆವರು ಒರೆಸಿಕೊಳ್ಳಲು ನಿಲ್ಲಿಸಿದ್ದೇ ತಡ, ಹಿಂದೆ ಧಡಾರ್! ತಿರುಗಿ ನೋಡಿದರೆ ಸೇತುವೆಯ ನಡುಭಾಗ ಹೊಳೆಯಲ್ಲಿತ್ತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ. ಕಾಗೆ ಕೂರೋದಕ್ಕೂ ಟೊಂಗೆ ಮುರಿಯೋದಕ್ಕೂ ಸರಿಹೋಯ್ತು ಅಂದರೆ ಕೇಳುವವರು ಯಾರು? ಟ್ಯಾಂಕರಿನ ಭಾರಕ್ಕೇ ಬಿತ್ತು ಅಂತ ಎಂಜಿನಿಯರ್ ಹೇಳಿಯಾಗಿತ್ತು. ಮರುದಿನ ವಿಚಾರಣೆ. ಸರಿಯಾದ ಉತ್ತರ ಕೊಡದಿದ್ದರೆ ಕೆಲಸ ಹೋದ ಹಾಗೇ.

ಪ್ರಿಂಟಿಂಗ್ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಮನೆಗೆ ಬಂದವಳೇ ಕಂಪ್ಯೂಟರಿನಲ್ಲಿ ಆಕಾಶದಿಂದ ತೆಗೆದ ನಕ್ಷೆ ತೆರೆದಳು. ಮಾಮ ಕುರ್ಚಿಯಿಂದ ಎಗರಿಬಿದ್ದ.

"ಅಯ್ಯೋ, ನೋಡ್ರೇ! ಸೇತುವೆ ನಿಂತೇ ಇದೆ! ಬಿದ್ದೇ ಇಲ್ಲ!"

"ಹಾಗಾದ್ರೆ ಅದರ ಮೇಲೆ ಒಂದು ಸುತ್ತು ಹೋಗಿಬನ್ನಿ," ಅಂದಳು ಹೆಂಡತಿ, ಪಾತ್ರೆ ಕುಕ್ಕುತ್ತಾ.

"ಅಪ್ಪಾ, ಇದು ಹೋದ ಬೇಸಿಗೆಯ ಚಿತ್ರ," ಅಂತ ಮಗಳು ಅದನ್ನು ದೊಡ್ಡದು ಮಾಡಿದಳು. ಅದಕ್ಕೂ ಹಳೆಯ ಚಿತ್ರದಲ್ಲಿ ಸೇತುವೆ ಗೆರೆ ಎಳೆದ ಹಾಗೆ ನೆಟ್ಟಗಿತ್ತು. ಇದರಲ್ಲಿ ಮೂರನೇ ಕಂಬದ ಹತ್ತಿರ ಸೊಂಟ ಉಳುಕಿದ ಹಾಗೆ ಸೊಟ್ಟಗಾಗಿತ್ತು. ಕಂಬದ ಬುಡದಲ್ಲೇ ಯಾರೋ ಮರಳು ತೆಗೆದ ಗುಂಡಿ.

"ಗೆದ್ದೆ!" ಅಂದ ಮಾಮ. ಅಷ್ಟರಲ್ಲಿ ಗುಂಡಿಯ ಪಕ್ಕದಲ್ಲಿ ನಿಂತಿದ್ದ ಅವನದೇ ಟ್ಯಾಂಕರ್ ಕಂಡಿತು. ಅದರ ಬದಿಗೆ ನೆರಳಿಗಂತ ಕಟ್ಟಿದ ಹಳದಿ ಪಟ್ಟೆಯ ಬಟ್ಟೆ. ಮಾಮ ಥಟ್ಟನೆ ಅದರ ಮೇಲೆ ಹೆಬ್ಬೆರಳಿಟ್ಟ.

"ಬೆರಳು ತೆಗೀರಿ," ಅಂದಳು ಹೆಂಡತಿ.

ತೆಗೆದ. ಇನ್ನೇನು ಮಾಡಿಯಾನು? ತವರಿನವರು ಕೊಟ್ಟ ಬೆಡ್‌ಶೀಟು! ಒಣಹಾಕಿದ್ದು ಕಾಣೆಯಾದಾಗ ಅವಳು ಪಕ್ಕದ ಮನೆಯಾಕೆಯನ್ನು ಕಳ್ಳಿ ಅಂತ ಬೀದಿಯಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದಿದ್ದಳು. ಆವತ್ತಿನಿಂದ ಮಾತಿಲ್ಲ, ಕತೆಯಿಲ್ಲ. ಇತ್ತ ಗಂಡ ಅದೇ ಬೆಡ್‌ಶೀಟಿನ ಕೆಳಗೆ ದಿನಾ ಮಧ್ಯಾಹ್ನ ಗೊರಕೆ ಹೊಡೆದಿದ್ದಾನೆ!

"ಈಗೆಲ್ಲಿದೆ ಅದು?"

"ಹರಿದುಹೋಯ್ತು ಕಣೇ. ಟ್ಯಾಂಕರಿನ ಸೋರೋ ನಲ್ಲಿಗೆ ಸುತ್ತಿದೀನಿ." ಮನೆಗೆ ನೀರನ್ನು ಅವನೇ ಹೊತ್ತು ತರುತ್ತಿದ್ದ. ಅವಳು ಟ್ಯಾಂಕರಿನ ಹತ್ತಿರ ಹೋದವಳೇ ಅಲ್ಲ. ಪಾಪ, ಎಂಥಾ ಒಳ್ಳೇ ಗಂಡ ಅಂದುಕೊಂಡಿದ್ದಳು!

ವಿಚಾರಣೆಯಲ್ಲಿ ಎಂಜಿನಿಯರ್ ಚಿತ್ರ ನೋಡಿ ಮೂಗು ಮುರಿದರು. "ಕಂಪ್ಯೂಟರಿನ ತಾರೀಕು ನಂಬೋಕಾಗತ್ತೇನ್ರೀ? ಇದು ಮೊನ್ನೆಮೊನ್ನೆಯದಿರಬಹುದು. ನೀವೇ ಗುದ್ದಿ ಸೊಟ್ಟ ಮಾಡಿರಬಹುದು."

ಬಾಗಿಲ ಹತ್ತಿರ ಕೂತಿದ್ದ ಹೆಂಡತಿ ಎದ್ದು ಬಂದು, ಜಿಡ್ಡು ಹಿಡಿದ ಹಳದಿ ಚಿಂದಿಯೊಂದನ್ನು ಮೇಜಿನ ಮೇಲೆ ಹಾಕಿದಳು.

"ಸಾರ್, ಇವರು ಹೊಸ ನಲ್ಲಿ ಕೇಳಿದ್ರೆ ಹೋದ ಮಳೆಗಾಲದಲ್ಲಿ ಚಿಂದಿ ಸುತ್ತಿ ಸುಧಾರಿಸಿಕೊಳ್ಳಿ ಅಂದವರು ನೀವೇ ತಾನೆ? ಆವತ್ತು ಹರಿದ ಬೆಡ್‌ಶೀಟ್ ಇದು. ಚಿತ್ರದಲ್ಲಿ ನೋಡಿ, ಇಡಿಯಾಗಿದೆ. ಮೊನ್ನೆಯದು ಹೇಗಾಗತ್ತೆ?"

ಎಂಜಿನಿಯರ್ ಕೆಮ್ಮಿದರು. ನೀರು ಕುಡಿದರು. ಕೆಲಸ ಉಳಿಯಿತು, ಮಧ್ಯಾಹ್ನದ ನಿದ್ದೆಗೆ ಮಾತ್ರ ಒಂದು ನೋಟೀಸು ಸಿಕ್ಕಿತು.

ವಾಪಸು ಬರುವಾಗ ಅವಳು ಪಕ್ಕದ ಮನೆಯ ಗೇಟಿನಲ್ಲೇ ನಿಂತಳು. ಮಾಮ ಮೆಲ್ಲಗೆ ಜಾರಿಕೊಳ್ಳಲು ನೋಡಿದ. ಅವನ ತೋಳು ಹಿಡಿದು ಎಳೆದು ನಿಲ್ಲಿಸಿ ಬಾಗಿಲು ತಟ್ಟಿದಳು.

ಪಕ್ಕದ ಮನೆಯಾಕೆ ಹೊರಗೆ ಬಂದಳು. ಹೆಂಡತಿ ಚಿಂದಿ ಮುಂದೆ ಚಾಚಿದಳು.

"ನಾನೇ ಅಕ್ಕಾ, ನಾನೇ ತಗೊಂಡಿದ್ದು," ಅಂದ ಮಾಮ.

"ಗೊತ್ತು," ಅಂದಳು ಆಕೆ. "ಟ್ಯಾಂಕರಿನ ನಲ್ಲಿಯಲ್ಲಿ ನೀರು ಹಿಡಿಯುವಾಗ ದಿನಾ ನೋಡ್ತಿದ್ದೆನಲ್ಲ. ಹೇಳಿದ್ರೆ ನಿಮ್ಮ ಮನೆಯಲ್ಲಿ ಜಗಳ ಆಗತ್ತೆ ಅಂತ ಸುಮ್ಮನಿದ್ದೆ."

ಹೆಂಡತಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟಳು.