ಕಾಲುವೆ ಏರದ ನೆಲದ ಮಣ್ಣು

ಹೈದರಾಬಾದಿನಿಂದ ಬೆಳಿಗ್ಗೆ ಹೊರಟ ರೈಲು ವಾಡಿಯಲ್ಲಿ ಬಹಳ ಹೊತ್ತು ನಿಂತು, ಮಧ್ಯಾಹ್ನ ನನ್ನನ್ನು ಯಾದಗಿರಿಯಲ್ಲಿ ಇಳಿಸಿತು. ಫೆಬ್ರವರಿ ಮುಗಿಯುತ್ತಿತ್ತು. ಪ್ಲಾಟ್‌ಫಾರ್ಮಿನ ಕಲ್ಲು ಆಗಲೇ ಕಾಯತೊಡಗಿತ್ತು. ಸ್ಟೇಷನ್ ಎದುರಿನ ಹೋಟೆಲಿನಲ್ಲಿ ಮಂಡಕ್ಕಿಯ ಸುಸಲಾ, ಮಿರ್ಚಿ ತಿಂದು ಶಹಾಪುರದ ಬಸ್ಸು ಹಿಡಿದೆ. ಊರು ದಾಟಿದ ಕೂಡಲೇ ಭೀಮಾ ನದಿಯ ಸೇತುವೆ. ಕೆಳಗೆ ನೀರು ಬಂಡೆಗಳ ನಡುವೆ ಸಣ್ಣಗೆ ಹರಿಯುತ್ತಿತ್ತು.

ನಾನು ಹೊರಟದ್ದು ಮಣ್ಣಿಗಾಗಿ. ಹೈದರಾಬಾದಿನ ನಮ್ಮ ಪ್ರಯೋಗಾಲಯದಲ್ಲಿ ಮಣ್ಣಿನೊಳಗಿನ ಬ್ಯಾಕ್ಟೀರಿಯಾಗಳನ್ನು ಬೆಳೆಸಿ, ಅವು ಬಿಡುವ ರಸದಲ್ಲಿ ಔಷಧಿಯ ಗುಣವಿದೆಯೇ ಎಂದು ಹುಡುಕುತ್ತೇವೆ. ಕೆಲವು ವರ್ಷಗಳ ಹಿಂದೆ, ಅಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗೆಳತಿ ಸುಜಾತಾ ರಜೆಗೆ ಹೋದಾಗ, ತನ್ನೂರು ಗೋಗಿಯ ಹೊಲದಲ್ಲಿ ತಂಗಡಿ ಗಿಡದ ಬೇರಿನ ಹತ್ತಿರದ ಮಣ್ಣು ತಂದಿದ್ದಳು. ಅದರಿಂದ ಬೆಳೆದ ಏಳನೆಯ ಬ್ಯಾಕ್ಟೀರಿಯಾ, ಗಾಯವನ್ನು ಕೀವುಗಟ್ಟಿಸುವ ರೋಗಾಣುಗಳನ್ನು ತನ್ನ ಸುತ್ತ ಬೆಳೆಯಲು ಬಿಡುತ್ತಿರಲಿಲ್ಲ. ಗಾಜಿನ ತಟ್ಟೆಯಲ್ಲಿ ಅದರ ಸುತ್ತ ತಿಳಿಯಾದ ಉಂಗುರವೊಂದು ಮೂಡುತ್ತಿತ್ತು. ಅದನ್ನು ಮೊದಲು ಕಂಡ ದಿನ ನಾವಿಬ್ಬರೂ ಕೈ ಹಿಡಿದುಕೊಂಡು ಪ್ರಯೋಗಾಲಯದಲ್ಲೇ ಕುಣಿದಿದ್ದೆವು. ಅದಕ್ಕೆ ‘ಗೋಗಿ ಏಳು’ ಎಂದು ಹೆಸರಿಟ್ಟವಳು ಅವಳು.

ಮುಂದೆ ಅವಳ ಅಣ್ಣ ತೀರಿಕೊಂಡ. ಅವನ ಇಬ್ಬರು ಹೆಣ್ಣುಮಕ್ಕಳಿಗಾಗಿ ಸುಜಾತಾ ಸಂಶೋಧನೆ ಬಿಟ್ಟು ಊರಿಗೆ ಮರಳಿದಳು. ಸುರಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್ ಆಗಿ, ಹುಡುಗಿಯರನ್ನು ಅಲ್ಲೇ ತನ್ನ ಜೊತೆ ಇಟ್ಟುಕೊಂಡು ಓದಿಸತೊಡಗಿದಳು. ಇತ್ತ ನಾವು ತಟ್ಟೆಯಿಂದ ತಟ್ಟೆಗೆ ಬದಲಿಸುತ್ತ ಬಂದ ಗೋಗಿ ಏಳು ಮೆಲ್ಲಗೆ ತನ್ನ ಗುಣ ಕಳೆದುಕೊಂಡಿತು. ಬೆಳೆಯುತ್ತದೆ, ಆದರೆ ಉಂಗುರವಿಲ್ಲ. ಇಂಥ ಬ್ಯಾಕ್ಟೀರಿಯಾಗಳಲ್ಲಿ ಹೀಗಾಗುವುದುಂಟು. ಮತ್ತೆ ಅದೇ ನೆಲದಿಂದಲೇ ಶುರುಮಾಡಬೇಕು ಎಂದರು ನಮ್ಮ ಸರ್. ಒಂದು ಜಾಗ ಖಾಲಿಯಿದೆ, ಸುಜಾತಾ ಬರುವುದಾದರೆ ಕೇಳಿ ಬಾ ಎಂದೂ ಹೇಳಿ ಕಳಿಸಿದ್ದರು.

ಶಹಾಪುರದಲ್ಲಿ ಇಳಿದಾಗ, ಮಲಗಿದ ಬುದ್ಧನಂತೆ ಕಾಣುವ ಗುಡ್ಡದ ಮೇಲೆ ಬಿಸಿಲು ವಾಲಿತ್ತು. ಒಂಬತ್ತು ಜನ ತುಂಬಿದ ಆಟೋದಲ್ಲಿ ಅಂಚಿಗೆ ಕುಳಿತು ಗೋಗಿಗೆ ಹೋದೆ. ದಾರಿಯುದ್ದಕ್ಕೂ ಹಸಿರು. ಸುಜಾತಾ ನನಗೆ ವರ್ಣಿಸುತ್ತಿದ್ದ ಬೋಳು ಎರೆಹೊಲಗಳು ಎಲ್ಲಿವೆ ಎಂದು ಹುಡುಕುತ್ತಲೇ ಊರು ಬಂತು.

ಅವಳ ಅತ್ತಿಗೆ, ಆ ಹುಡುಗಿಯರ ತಾಯಿ ಮಲ್ಲಮ್ಮ ಬಾಗಿಲಲ್ಲೇ ತಂಬಿಗೆ ಹಿಡಿದು ನಿಂತಿದ್ದರು. “ಬರ್ರಿ ಅಕ್ಕಾರ, ಬಿಸಿಲಾಗ ಬಂದೀರಿ, ಮೊದ್ಲ ನೀರ ಕುಡೀರಿ.” ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ತೀರಿಹೋದ ಅಣ್ಣನ ಫೋಟೋ. ಬಂದ ಕೆಲಸ ಹೇಳಿದಾಗ ಅವರು ನಕ್ಕುಬಿಟ್ಟರು.

“ಆ ಹೊಲ ಎಲ್ಲೈತ್ರಿ ಈಗ? ಕೆನಾಲ್ ನೀರ ಬಂದ ಮ್ಯಾಲ ಗದ್ದಿ ಆಗ್ಯಾದ. ತಂಗಡಿ ಗಿಡ ಎಲ್ಲಾ ಕಡದು ನೆಲ ಮಟ್ಟ ಮಾಡೀವಿ.”

ಹೊಲಕ್ಕೆ ಕರೆದೊಯ್ದರು. ಮೊಣಕಾಲೆತ್ತರದ ಭತ್ತ, ಬುಡದಲ್ಲಿ ನಿಂತ ನೀರು, ಬೆಳ್ಳಕ್ಕಿಗಳು. ನೀರಡಿಯ ಕೆಸರಿನಲ್ಲಿ ಬಾಳುವ ಜೀವಿಗಳೇ ಬೇರೆ, ಒಣನೆಲದವು ಬೇರೆ. ಆದರೂ ಬದುವಿನ ಮೇಲಿನ ಒಂದಿಷ್ಟು ಮಣ್ಣನ್ನು ಸೀಸೆಗೆ ತುಂಬಿಕೊಂಡೆ. ನನ್ನ ಮುಖ ನೋಡಿ ಮಲ್ಲಮ್ಮನಿಗೆ ಪಾಪ ಅನಿಸಿರಬೇಕು. “ನಮಗ ಉಣ್ಣಾಕ ಆಗ್ಯಾದ್ರಿ, ನಿಮಗ ಇಲ್ದಂಗ ಆತು ನೋಡ್ರಿ” ಎಂದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ತಾವೇ ನೆಟ್ಟ ಗದ್ದೆಯನ್ನು ಅವರು ನೋಡುತ್ತಿದ್ದ ರೀತಿ ಕಂಡು, ಅಲ್ಲಿ ತಂಗಡಿಯೇ ಇರಬೇಕಿತ್ತು ಎಂದು ಬಯಸಲು ನನಗೆ ಮನಸ್ಸು ಬರಲಿಲ್ಲ.

ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಆಮೇಲೆ ಅದೇ ಗದ್ದೆಯ ಅನ್ನ. ಬಡಿಸುತ್ತ ಮಲ್ಲಮ್ಮ ಥಟ್ಟನೆ ಕೇಳಿದರು: “ಖರೇ ಹೇಳ್ರಿ. ಮಣ್ಣ ಒಯ್ಯಾಕ ಬಂದೀರೋ, ನಮ್ಮ ಸುಜಾತಾನ್ನ ಒಯ್ಯಾಕ ಬಂದೀರೋ?”

ಕೈಯಲ್ಲಿದ್ದ ತುತ್ತನ್ನು ತಟ್ಟೆಗಿಟ್ಟೆ. ಎರಡೂ ಎಂದೆ.

“ಒಯ್ರಿ. ಬ್ಯಾಡ ಅನ್ನಂಗಿಲ್ಲ. ಈಗ ಹೊಲ ಐತಿ, ನೀರ ಐತಿ. ಹುಡುಗೇರ್ನ ನಾ ನೋಡ್ಕೋತೀನಿ ಅಂತ ಹೇಳ್ರಿ ಆಕಿಗೆ.”

ಮರುದಿನ ಸುರಪುರದ ಬಸ್ಸಿನಲ್ಲಿ ಕುಳಿತಾಗ ಆ ಮಾತು ಎದೆಯಲ್ಲಿ ಕುಣಿಯುತ್ತಿತ್ತು. ಬಂಡೆಗುಡ್ಡಗಳು ಹತ್ತಿರವಾದಂತೆ, ಅವಳ ಜೊತೆ ಮರಳಿ ಹೋಗುವ ರೈಲನ್ನೇ ಕಣ್ಣಮುಂದೆ ತಂದುಕೊಂಡಿದ್ದೆ.

ಸುಜಾತಾ ಶಾಲೆಯ ಗೇಟಿನಲ್ಲೇ ಕಾದಿದ್ದಳು. ಕಿವಿಯ ಬಳಿ ಕೂದಲು ನರೆತಿತ್ತು. ನನ್ನನ್ನು ಸೀದಾ ತನ್ನ ತರಗತಿಯ ಕಪಾಟಿಗೆ ಎಳೆದೊಯ್ದಳು. ಬೇಯಿಸಿದ ಆಲೂಗಡ್ಡೆಯ ಹೋಳುಗಳ ಮೇಲೆ ಬಿಳಿ, ಹಳದಿ, ಬೂದು ಬಣ್ಣದ ಚುಕ್ಕೆಗಳು ಬೆಳೆದಿದ್ದವು. ಮಕ್ಕಳಿಗೆ ತೋರಿಸಲು ಶಾಲೆಯಂಗಳದ ಮಣ್ಣಿನಿಂದ ಅವಳು ಬೆಳೆಸಿದ್ದ ಜೀವಿಗಳು. “ಇಲ್ಲಿ ನನಗ ಇಷ್ಟೇ ಸಿಗ್ತದ” ಎಂದು ನಕ್ಕಳು. ಆಮೇಲೆ ಒಂದೊಂದಾಗಿ ವಿಚಾರಿಸಿದಳು: ಕಿಟಕಿಯ ಪಕ್ಕದ ಮೇಜಿನಲ್ಲಿ ಈಗ ಯಾರು ಕೂಡುತ್ತಾರೆ? ಸೂಕ್ಷ್ಮದರ್ಶಕದ ತಿರುಪು ಇನ್ನೂ ಬಿಗಿಯೇ? ಗೋಗಿ ಏಳರ ಸುದ್ದಿ ಕೇಳಿ ಕಪಾಟಿನ ಬಾಗಿಲು ಮುಚ್ಚಿದಳು.

ಗದ್ದೆಯಾದ ಹೊಲದ ವಿಷಯ ಅವಳಿಗೆ ಗೊತ್ತಿತ್ತು. “ಗುಡ್ಡದ ಮ್ಯಾಲ ಹೋಗೂಣ. ಕೆನಾಲ್ ಗುಡ್ಡ ಏರಂಗಿಲ್ಲಲ್ಲ” ಎಂದಳು. ಬಂಡೆಗಳ ಸಂದಿಯಲ್ಲಿ ಒಣನೆಲ, ಅಲ್ಲಲ್ಲಿ ಹಳದಿ ಹೂಬಿಟ್ಟ ತಂಗಡಿ. ನಾನು ಸಲಾಕೆ ತೆಗೆಯುವಷ್ಟರಲ್ಲಿ ಅವಳು ಸೆರಗು ಸಿಕ್ಕಿಸಿ ಮಂಡಿಯೂರಿದ್ದಳು. ಬೇರು ಬಿಡಿಸಿ, ಅದಕ್ಕಂಟಿದ ಮಣ್ಣನ್ನು ಸೀಸೆಗೆ ಉದುರಿಸುವಾಗ ಅವಳ ಉಸಿರು ಕೂಡ ನಿಂತಂತಿತ್ತು. ಆ ಮಣ್ಣಿನಿಂದ ಬೆಳೆದವುಗಳಲ್ಲಿ ಒಂದು ಈಗ ನಮ್ಮ ಪ್ರಯೋಗಾಲಯದಲ್ಲಿ ಸಣ್ಣ ಉಂಗುರ ಬಿಟ್ಟಿದೆ. ಗೋಗಿ ಏಳು ಅಲ್ಲ, ಅದರ ದೂರದ ನೆಂಟ ಇರಬೇಕು. ಪರೀಕ್ಷೆ ನಡೆದಿದೆ.

ಅಂದು ಗುಡ್ಡದ ಮೇಲೆಯೇ ಅವಳನ್ನು ಕೇಳಿದೆ: “ಬಾ ಸುಜಾತಾ. ಒಯ್ರಿ ಅಂತ ನಿಮ್ಮ ಅತ್ತಿಗೇನೇ ಅಂದಾರ.”

“ಅತ್ತಿಗಿ ಹಂಗ ಅಂತಾಳ. ಮುಂಜಾನೆ ಗದ್ದಿಗೆ ಹೋದಾಕಿ ಕತ್ತಲಾದ ಮ್ಯಾಲ ಮನಿಗೆ ಬರ್ತಾಳ. ಹುಡುಗೇರು ಗೋಗಿಗೆ ಹೋದ್ರ ಸಾಲಿ ಬಿಟ್ಟು ಆಕಿ ಜೋಡಿ ನಾಟಿ ಹಚ್ಚಾಕ ನಿಲ್ತಾವ.”

“ಇನ್ನೊಂದೆರಡು ವರ್ಷ ಆದ ಮ್ಯಾಲ? ಬರ್ತೀನಿ ಅಂತ ಒಂದ್ ಮಾತ ಅನ್ನು.”

ಅವಳು ಉಗುರಿನೊಳಗಿನ ಮಣ್ಣು ನೋಡುತ್ತ ಹೇಳಿದಳು: “ಬರ್ತೀನಿ ಅಂದ್ರ ನಾ ಬಂದೇ ಬಿಡ್ತೀನಿ, ವಿಮಲಾ. ಅದಕ್ಕ ಅನ್ನಾಕತ್ತಿಲ್ಲ.”

ಮಧ್ಯಾಹ್ನ ಅವಳ ಬಾಡಿಗೆ ಮನೆಯಲ್ಲಿ ಹುಡುಗಿಯರೊಂದಿಗೆ ಉಂಡೆವು. ಸೀಸೆಗಳನ್ನು ಅವಳೇ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ ಗಂಟು ಕಟ್ಟಿದಳು. ಬಸ್ ಸ್ಟ್ಯಾಂಡಿನವರೆಗೂ ಅದನ್ನು ತಾನೇ ಹೊತ್ತು ಬಂದಳು. ನಾನು ಕಿಟಕಿಯ ಬಳಿ ಕುಳಿತ ಮೇಲೆ ಹೊರಗಿನಿಂದ ಗಂಟನ್ನು ಎತ್ತಿ ಕೊಟ್ಟಳು. ನಾನು ಹಿಡಿದುಕೊಂಡೆ. ಅವಳು ಬಿಡಲಿಲ್ಲ. ಡ್ರೈವರ್ ಹಾರ್ನ್ ಹೊಡೆದ.

“ಅಕ್ಕಾರ, ಕೈ ಬಿಡ್ರಿ, ಗಾಡಿ ಹೊಂಟದ” ಎಂದ ಕಂಡಕ್ಟರ್.

ಬಿಟ್ಟಳು. ಬಸ್ಸು ತಿರುವಿನಲ್ಲಿ ಹೊರಳುವಾಗ ಹಿಂತಿರುಗಿ ನೋಡಿದೆ. ಜನ ಚದುರಿದ್ದರು. ಅವಳೊಬ್ಬಳೇ ಅಲ್ಲಿ ನಿಂತಿದ್ದಳು, ಎರಡೂ ಕೈ ಇನ್ನೂ ಕಿಟಕಿಯ ಎತ್ತರಕ್ಕೇ ಚಾಚಿಕೊಂಡಿದ್ದವು.